ಕೊನೆಗಾರನ ಹೆಸರಿನ ಪಕ್ಕ ‘ಆಹ್ವಾನಿಸಿ’

ಮೆಸೇಜಿಂಗ್ ಆ್ಯಪ್ ಕಟ್ಟುತ್ತಿರುವ ಎಂಜಿನಿಯರ್‌ಗಳಿಗೆ ಒಂದು ಬಹಿರಂಗ ಪತ್ರ



ಇಂಟರ್‌ನೆಟ್ ಕರೆ, ಎಸ್‌ಎಂಎಸ್, ಚಾಟ್ ಮೂರೂ ಒಂದೇ ಆ್ಯಪ್‌ನಲ್ಲಿ ಸಿಗಬೇಕು ಅನ್ನುವ ಆಸೆ ನಿಮ್ಮ ಉದ್ಯಮಕ್ಕೆ ಹೊಸದಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಅದನ್ನು ಹಲವು ಸಲ ಕೂಡಿಸಿದ್ದೀರಿ, ಬಿಡಿಸಿದ್ದೀರಿ, ಮತ್ತೆ ಬೇರೆ ಹೆಸರಿನಲ್ಲಿ ಕೂಡಿಸಲು ಹೊರಟಿದ್ದೀರಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಈ ಕೆಲಸ ಮಾಡುವವರಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರೂ ಇದ್ದಾರೆ. ಅವರನ್ನೂ ಅವರ ಸಹೋದ್ಯೋಗಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದವಳು. ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ, ಊರಿನ ಫೋನುಗಳೆಲ್ಲ ನಮ್ಮ ಬೋರ್ಡಿನ ಮೂಲಕವೇ ಹಾಯುತ್ತಿದ್ದ ಕಾಲದಲ್ಲಿ. ಕಿವಿಗೆ ಹೆಡ್‌ಸೆಟ್, ಮುಂದೆ ಸಾಲು ಸಾಲು ತೂತುಗಳ ಬೋರ್ಡು, ಕೈಯಲ್ಲಿ ಕಾರ್ಡು. ಊರಿನ ಯಾರಾದರೂ ರಿಸೀವರ್ ಎತ್ತಿದರೆ ಬೋರ್ಡಿನಲ್ಲಿ ಅವರ ನಂಬರಿನ ಗುರುತು ಬೀಳುತ್ತಿತ್ತು. ಒಂದು ಕಾರ್ಡು ಅಲ್ಲಿ ಚುಚ್ಚಿ ‘ನಂಬರ್ ಪ್ಲೀಸ್’ ಅನ್ನುವುದು, ಜೋಡಿ ಕಾರ್ಡನ್ನು ಕೇಳಿದ ನಂಬರಿಗೆ ಚುಚ್ಚುವುದು. ಟ್ರಂಕ್ ಕಾಲ್ ಆದರೆ ಚೀಟಿ ಬರೆದು ಶಿವಮೊಗ್ಗದ ಆಪರೇಟರಿಗೆ ಹೇಳಬೇಕು, ಅವರು ಬೆಂಗಳೂರಿಗೆ, ಬೆಂಗಳೂರಿನವರು ಬೊಂಬಾಯಿಗೆ. ಅರ್ಜೆಂಟ್ ಕಾಲಿಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್ ಕಾಲಿಗೆ ಎಂಟು ಪಟ್ಟು. ಒಬ್ಬ ಅಡಿಕೆ ಮಂಡಿಯ ಸಾಹುಕಾರರ ಕರೆಗೆ ನಾಲ್ಕು ಊರಿನ ನಾಲ್ಕು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದೆವು. ಮುಖ ನೋಡಿರದಿದ್ದರೂ ದನಿಯಿಂದಲೇ ಪರಸ್ಪರ ಗುರುತಿತ್ತು.

ಆ ಕಾಲ ಚೆನ್ನಾಗಿತ್ತು ಅನ್ನಲು ಇದನ್ನೆಲ್ಲ ಹೇಳುತ್ತಿಲ್ಲ. ಚೆನ್ನಾಗಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿದವರು ಹೆರಿಗೆಯ ಸುದ್ದಿಗೋ ಸಾವಿನ ಸುದ್ದಿಗೋ ಗಂಟೆಗಟ್ಟಲೆ ಎಕ್ಸ್‌ಚೇಂಜಿನ ಜಗಲಿಯಲ್ಲಿ ಕಾಯುತ್ತಿದ್ದರು. 1986ರ ಜುಲೈನಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲೇ ಸರ್ಕಾರಿ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಬಂತು, 128 ಲೈನಿನದು, ಎ.ಸಿ. ಕೋಣೆ ಬೇಡದ್ದು. ಆ ಥರದ ಯಂತ್ರ ನಮ್ಮ ಊರಿಗೆ ಬಂದು ನಮ್ಮ ಬೋರ್ಡು ಮೂಲೆಗೆ ಹೋದ ದಿನ ನಾನು ಸಂತೋಷಪಟ್ಟಿದ್ದೇನೆ. ಆದರೆ ಬೋರ್ಡು ಹೋದರೂ ಅದರ ಒಂದು ನಿಯಮ ಹೋಗಲಿಲ್ಲ. ಯಾರೇ ರಿಸೀವರ್ ಎತ್ತಲಿ, ಯಾವ ನಂಬರ್ ಕೇಳಲಿ, ಜೋಡಿಸಬೇಕು. ಆ ನಂಬರು ಬೇರೆ ಊರಿನದು, ಬೇರೆ ದೇಶದ್ದು, ಬೇರೆ ಕಂಪನಿಯದು ಅನ್ನುವುದು ಜೋಡಿಸದಿರಲು ಕಾರಣವಾಗುವಂತಿರಲಿಲ್ಲ. ದೇಶದೇಶಗಳ ನಡುವೆ ತಂತಿ ಹಾಯಬೇಕೆಂದು 1865ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಕಟ್ಟಿದ ಒಕ್ಕೂಟವೇ ಇವತ್ತಿನ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಆ ನಿಯಮಕ್ಕೆ ಅಷ್ಟು ವಯಸ್ಸಾಗಿದೆ.

ಖಾಸಗಿ ಕಂಪನಿಗಳು ಬಂದ ಮೇಲೂ ಅದು ಉಳಿಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾದಾಗ ಅದರಿಂದ ಏರ್‌ಟೆಲ್, ವೊಡಾಫೋನ್, ಐಡಿಯಾ ನಂಬರುಗಳಿಗೆ ಕರೆ ಹೋಗುವುದು ಕಷ್ಟವಾಗಿತ್ತು. ಎರಡು ಜಾಲಗಳು ಕೂಡುವ ಕಡೆ ಸಾಕಷ್ಟು ಜಾಗ ಕೊಡುತ್ತಿಲ್ಲವೆಂಬ ದೂರು ಹೋಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆ ಮೂರು ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕಬೇಕೆಂದು ಶಿಫಾರಸು ಮಾಡಿತು. ಅವತ್ತು ಯಾರು ಸರಿ ಯಾರು ತಪ್ಪು ಅನ್ನುವ ವಾದ ಬೇರೆ. ಒಂದು ಕಂಪನಿಯ ಗಿರಾಕಿ ಇನ್ನೊಂದು ಕಂಪನಿಯ ಗಿರಾಕಿಗೆ ಕರೆ ಮಾಡಲಾಗದಿದ್ದರೆ ಅದು ಇಡೀ ದೇಶ ವಿಚಾರಿಸಬೇಕಾದ ವಿಷಯ ಅನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.

ಈಗ ನನ್ನ ಫೋನಿನಲ್ಲಿರುವ ಒಂದು ಹೆಸರಿನ ವಿಷಯಕ್ಕೆ ಬರುತ್ತೇನೆ.

ನಮ್ಮ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು, ಆಮೇಲೆ ಕೊನೆ ಇಳಿಸಲು ಬರುವವನು ಒಬ್ಬ ಕೊನೆಗಾರ. ಅವನ ಹತ್ತಿರ ಇರುವುದು ಕೀಪ್ಯಾಡ್ ಫೋನು. ಮರದ ಮೇಲೆ ಇರುವವನಿಗೆ ಅದೇ ಸರಿ, ಜೇಬಿನಿಂದ ಜಾರಿ ಬಿದ್ದರೂ ಒಡೆಯುವುದಿಲ್ಲ, ಚಾರ್ಜು ಮೂರು ನಾಲ್ಕು ದಿನ ನಿಲ್ಲುತ್ತದೆ. ಮಳೆ ಹೊಳವಾದ ದಿನ ಅವನು ಒಂದು ಮಿಸ್ಡ್ ಕಾಲ್ ಕೊಟ್ಟರೆ ‘ಇವತ್ತು ಬರ್ತೇನೆ, ಸುಣ್ಣ ಮೈಲುತುತ್ತ ನೆನೆಹಾಕಿ’ ಎಂದರ್ಥ. ನಾವು ತಿರುಗಿ ಮಿಸ್ಡ್ ಕಾಲ್ ಕೊಟ್ಟರೆ ‘ಆಯ್ತು’ ಎಂದರ್ಥ. ಸುತ್ತಲಿನ ಹತ್ತಾರು ಮನೆಗಳ ವರ್ಷದ ಬೆಳೆ ಆ ಫೋನಿನ ಮೇಲೆ ನಿಂತಿದೆ. ಈಗ ನೀವು ಕಟ್ಟಿದ ಯಾವ ಆ್ಯಪ್ ತೆರೆದರೂ, ಸಂಪರ್ಕಗಳ ಪಟ್ಟಿಯಲ್ಲಿ ಜರ್ಮನಿಯಲ್ಲಿರುವ ಮಗಳ ಹೆಸರು ಮೇಲೆ, ಅವಳ ಚಿತ್ರದ ಸಮೇತ. ಕೊನೆಗಾರನ ಹೆಸರು ತೀರ ಕೆಳಗೆ. ಚಿತ್ರವಿಲ್ಲ. ಪಕ್ಕದಲ್ಲಿ ‘ಆಹ್ವಾನಿಸಿ’ ಅನ್ನುವ ಒಂದು ಗುಂಡಿ.

ಅಂದರೆ, ನಿಮ್ಮ ಲೆಕ್ಕದಲ್ಲಿ ಅವನು ಇನ್ನೂ ಬಂದಿಲ್ಲ. ಬರಬೇಕಾದವನು. ನಾನು ಅವನನ್ನು ಕರೆತರಬೇಕು. ಅವನಿಗೋ ನಂಬರಿದೆ, ಫೋನಿದೆ, ಆ ಫೋನು ರಿಂಗಾಗುತ್ತದೆ, ಎಸ್‌ಎಂಎಸ್ ಮುಟ್ಟುತ್ತದೆ. ಅವನು ಜಗತ್ತಿನ ಯಾವ ಫೋನಿಗೂ ಸಿಗುತ್ತಾನೆ, ನಿಮ್ಮ ಆ್ಯಪ್‌ಗೆ ಮಾತ್ರ ಸಿಗುವುದಿಲ್ಲ.

ಎಲ್ಲವನ್ನೂ ಒಂದೇ ಕಡೆ ಕೂಡಿಸುತ್ತೇವೆ ಎಂದು ಹೊರಟಿರುವ ನಿಮ್ಮನ್ನು ನಾನು ಕೇಳುವುದು ಈ ಗುಂಡಿಯ ಬಗ್ಗೆಯೇ. ಕರೆ, ಎಸ್‌ಎಂಎಸ್, ಚಾಟ್ ಕೂಡಿದರೂ ಅದರೊಳಗೆ ನಿಮ್ಮ ಖಾತೆ ತೆರೆದವರು ಮಾತ್ರ ಇದ್ದರೆ ಕೂಡಿದ್ದು ಏನು?

ಹೊರಗಿನವರನ್ನೂ ಸೇರಿಸಿ ಕೂಡಿಸುವುದನ್ನು ಒಮ್ಮೆ ಹೆಚ್ಚುಕಡಿಮೆ ಮಾಡಿ ನೋಡಿದವರಿದ್ದಾರೆ. 2005ರ ಆಗಸ್ಟಿನಲ್ಲಿ ಬಂದ ಗೂಗಲ್ ಟಾಕ್ ಎಕ್ಸ್‌ಎಂಪಿಪಿ ಅನ್ನುವ ಎಲ್ಲರಿಗೂ ತೆರೆದ ಪದ್ಧತಿಯ ಮೇಲೆ ನಿಂತಿತ್ತು. ಅದರ ಮೂಲ 1999ರಲ್ಲಿ ಜೆರೆಮಿ ಮಿಲ್ಲರ್ ಶುರುಮಾಡಿದ ಜಾಬರ್. 2006ರಲ್ಲಿ ಗೂಗಲ್ ತನ್ನ ಸರ್ವರ್‌ಗಳನ್ನು ಬೇರೆಯವರ ಸರ್ವರ್‌ಗಳ ಜೊತೆ ಮಾತಾಡಲು ಬಿಟ್ಟಿತು. ಒಬ್ಬ ಗೂಗಲ್ ಟಾಕ್‌ನಲ್ಲಿದ್ದು, ಇನ್ನೊಬ್ಬ ತನ್ನ ಕಾಲೇಜೇ ನಡೆಸುವ ಸಣ್ಣ ಸರ್ವರ್‌ನಲ್ಲಿದ್ದರೂ ಚಾಟ್ ನಡೆಯುತ್ತಿತ್ತು. ನಮ್ಮ ಬೋರ್ಡಿನ ನಿಯಮವೇ ಇಂಟರ್‌ನೆಟ್ಟಿಗೆ ಬಂದ ಹಾಗೆ.

2013ರ ಮೇ 15ರಂದು ಅದೇ ಗೂಗಲ್‌ನ ಹ್ಯಾಂಗ್‌ಔಟ್ಸ್ ಬಂತು. ಗೂಗಲ್ ಟಾಕ್, ಗೂಗಲ್ ಪ್ಲಸ್‌ನ ಮೆಸೆಂಜರ್, ವಿಡಿಯೊ ಕರೆ ಎಲ್ಲ ಅದರಲ್ಲಿ ಸೇರಿದವು. ಅದೇ ವರ್ಷದ ಕೊನೆಗೆ ಆಂಡ್ರಾಯ್ಡ್ ಫೋನುಗಳಲ್ಲಿ ಎಸ್‌ಎಂಎಸ್ ಕೂಡ ಅದರೊಳಗೆ ಬಂತು. 2014ರಲ್ಲಿ ಗೂಗಲ್ ವಾಯ್ಸ್ ಅದಕ್ಕೆ ಜೋಡಣೆಯಾಯಿತು, ಫೋನ್ ನಂಬರುಗಳಿಗೆ ಕರೆಯೂ ಹೋಗತೊಡಗಿತು. ಈ ಪತ್ರದ ಮೊದಲ ಸಾಲಿನಲ್ಲಿ ಹೇಳಿದ ಮೂರೂ ಅಲ್ಲಿ ಒಂದೇ ಪರದೆಯ ಮೇಲಿದ್ದವು. ಅಮೆರಿಕದಲ್ಲಿ ಓದುತ್ತಿದ್ದ, ಕೆಲಸದಲ್ಲಿದ್ದ ಮಕ್ಕಳು ಅದನ್ನು ಬಹಳ ಮೆಚ್ಚಿದರು. ಆದರೆ ಒಳಗೆ ಎಲ್ಲ ಕೂಡುವಾಗಲೇ ಹೊರಗಿನ ಬಾಗಿಲು ಮುಚ್ಚಿತ್ತು. ಬೇರೆ ಸರ್ವರ್‌ಗಳ ಜೊತೆ ಇದ್ದ ಆ ಕೊಂಡಿಯನ್ನು ಹ್ಯಾಂಗ್‌ಔಟ್ಸ್ ಮುಂದುವರಿಸಲಿಲ್ಲ. 2016ರಲ್ಲಿ ಅದೇ ಕಂಪನಿ ಚಾಟಿಗೆ ಅಲೊ, ವಿಡಿಯೊಗೆ ಡುಯೊ ಎಂದು ಎರಡು ಹೊಸ ಆ್ಯಪ್ ತಂದಿತು. 2017ರಲ್ಲಿ ಹೆಚ್ಚಿನವರ ಹ್ಯಾಂಗ್‌ಔಟ್ಸ್‌ನಿಂದ ಎಸ್‌ಎಂಎಸ್ ತೆಗೆಯಿತು. ಅಲೊ 2019ರಲ್ಲಿ ನಿಂತಿತು, ಹ್ಯಾಂಗ್‌ಔಟ್ಸ್ 2022ರ ನವೆಂಬರಿನಲ್ಲಿ.

ಹ್ಯಾಂಗ್‌ಔಟ್ಸ್ ಹುಟ್ಟಿ ಎರಡು ತಿಂಗಳಿಗೆ, 2013ರ ಜುಲೈನಲ್ಲಿ, ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ ಮುಚ್ಚಿತು. ತಂತಿ ಕಚೇರಿಯ ಮುಂದೆ ಜನ ಸಾಲುಗಟ್ಟಿ ಕೊನೆಯ ತಂತಿ ಕಳಿಸಿದರು. ತಂತಿ ಬದುಕಿದ್ದು ನೂರೈವತ್ತು ವರ್ಷಕ್ಕೂ ಹೆಚ್ಚು. ಹ್ಯಾಂಗ್‌ಔಟ್ಸ್ ಒಂಬತ್ತೂವರೆ ವರ್ಷ. ತಂತ್ರಜ್ಞಾನ ಹಳತಾಗುತ್ತದೆ, ಹೋಗುತ್ತದೆ, ನಾನು ಅದಕ್ಕೆ ಅಳುವವಳಲ್ಲ. ಆದರೆ ತಂತಿ ಹೋಗುವ ಹೊತ್ತಿಗೆ ಅದರ ಕೆಲಸವನ್ನು ಫೋನು, ಎಸ್‌ಎಂಎಸ್ ಎಂದೋ ಎತ್ತಿಕೊಂಡಿದ್ದವು, ಯಾರ ಕಂಪನಿಯ ಫೋನಾದರೂ ಸರಿ. ನಿಮ್ಮ ಆ್ಯಪ್ ಹೋದಾಗ ಅದರಲ್ಲಿದ್ದ ಜನರ ಪಟ್ಟಿ, ಅವರನ್ನು ಮುಟ್ಟುವ ದಾರಿ, ಮಾತುಗಳು ಎಲ್ಲ ಒಟ್ಟಿಗೆ ಹೋಗುತ್ತವೆ, ಅಥವಾ ಅದೇ ಕಂಪನಿ ತೋರಿಸಿದ ಇನ್ನೊಂದು ಆ್ಯಪ್‌ಗೆ ಹೋಗಬೇಕಾಗುತ್ತದೆ.

ಸ್ಕೈಪ್‌ನದು ಇದಕ್ಕಿಂತ ಸ್ವಲ್ಪ ಬೇರೆ ಕಥೆ. ವಿದೇಶಕ್ಕೆ ಮಕ್ಕಳನ್ನು ಕಳಿಸಿದ ನಮ್ಮಂಥ ಮನೆಗಳಿಗೆ ಅದು ಹತ್ತಿರದ ಕಥೆ. ನಮ್ಮಲ್ಲಿ ಇಂಟರ್‌ನೆಟ್ ಮೂಲಕ ಮಾತಾಡಲು ಸರ್ಕಾರ ಅನುಮತಿ ಕೊಟ್ಟದ್ದು 2002ರ ಏಪ್ರಿಲ್‌ನಿಂದ, ಅದೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಇಲ್ಲವೇ ವಿದೇಶದ ಫೋನಿಗೆ. ಕಂಪ್ಯೂಟರಿನಿಂದ ಊರಿನ ಫೋನಿಗೆ ಮಾಡುವಂತಿರಲಿಲ್ಲ. ಸೈಬರ್ ಕೆಫೆಗಳ ಮರದ ಗೂಡುಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಷ್ಟೋ ತಾಯಂದಿರು ‘ಕೇಳ್ತಾ ಇದೆಯಾ, ಕೇಳ್ತಾ ಇದೆಯಾ’ ಎಂದು ಕೂಗಿದ್ದು ಆ ದಿನಗಳಲ್ಲಿ. 2003ರ ಆಗಸ್ಟಿನಲ್ಲಿ ಸ್ಕೈಪ್ ಬಂದ ಮೇಲೆ ದನಿ ತಿಳಿಯಾಯಿತು. ನಿಕ್ಲಾಸ್ ಜೆನ್‌ಸ್ಟ್ರೋಮ್ ಮತ್ತು ಯಾನುಸ್ ಫ್ರೀಸ್ ಸ್ಥಾಪಿಸಿದ್ದು, ಎಸ್ಟೋನಿಯಾದ ಎಂಜಿನಿಯರ್‌ಗಳು ಕಟ್ಟಿದ್ದು. ಅದರಲ್ಲೂ ಚಾಟ್, ಕರೆ, ದುಡ್ಡು ಕೊಟ್ಟರೆ ಮಾಮೂಲಿ ಫೋನಿಗೆ ಕರೆ, ಎಸ್‌ಎಂಎಸ್ ಎಲ್ಲವೂ ಇದ್ದವು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಕೊಂಡಿತು. 2025ರ ಮೇ 5ರಂದು ಮುಚ್ಚಿತು.

ಆದರೆ ಸ್ಕೈಪ್‌ನ ಒಂದು ಭಾಗ ಸಾಯಲಿಲ್ಲ. ದನಿಯನ್ನು ಕುಗ್ಗಿಸಿ ಕಳಿಸಲು ಸ್ಕೈಪ್‌ನವರು ಸಿಲ್ಕ್ ಅನ್ನುವ ವಿಧಾನ ಕಂಡುಹಿಡಿದಿದ್ದರು. ಅದನ್ನು ಝಿಫ್.ಆರ್ಗ್‌ನವರ ಸೆಲ್ಟ್ ಅನ್ನುವುದರ ಜೊತೆ ಕೂಡಿಸಿದಾಗ ಓಪಸ್ ಆಯಿತು. 2012ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ಟಿನ ಮಾನದಂಡ ರೂಪಿಸುವ ಐಇಟಿಎಫ್ ಅದನ್ನು ಯಾರು ಬೇಕಾದರೂ ಬಳಸುವ ಮಾನದಂಡವಾಗಿ ಪ್ರಕಟಿಸಿತು. ಸೆಕೆಂಡಿಗೆ 6 ಕಿಲೊಬಿಟ್‌ನಷ್ಟು ಸಣ್ಣ ಸಂದಿನಲ್ಲೂ ಅದು ಮನುಷ್ಯರ ಮಾತನ್ನು ದಾಟಿಸುತ್ತದೆ. ಇವತ್ತು ಬ್ರೌಸರ್‌ನಲ್ಲಿ ಮಾತಾಡುವಾಗ ನಿಮ್ಮ ದನಿ ಸಾಮಾನ್ಯವಾಗಿ ಹೋಗುವುದು ಅದರ ಮೇಲೇ. ಸ್ಕೈಪ್ ಅಂಗಡಿ ಮುಚ್ಚಿದರೂ ಎಲ್ಲರಿಗೂ ಕೊಟ್ಟ ಆ ಒಂದು ವಸ್ತು ಉಳಿಯಿತು, ತನಗೊಬ್ಬನಿಗೇ ಇಟ್ಟುಕೊಂಡದ್ದು ಹೋಯಿತು. ನಿಮ್ಮ ಕೆಲಸದಲ್ಲಿ ಯಾವುದು ನಿಮ್ಮ ನಂತರವೂ ಇರಬೇಕು ಎಂದು ಯೋಚಿಸುವಾಗ ಇದನ್ನು ನೆನಪಿಡಿ.

ಎಸ್‌ಎಂಎಸ್ ಅನ್ನು ಆ್ಯಪ್‌ನೊಳಗೆ ಇಟ್ಟುಕೊಳ್ಳುವುದಕ್ಕೆ ವಿರೋಧವಾಗಿ ಒಂದು ಗಟ್ಟಿಯಾದ ಮಾತಿದೆ. ಅದನ್ನು ಹೇಳಿದವರ ಬಗ್ಗೆ ನನಗೆ ಗೌರವವಿದೆ. ಸಿಗ್ನಲ್ ಅನ್ನುವ ಆ್ಯಪ್‌ನ ಹುಟ್ಟೇ ಕೂಡುವಿಕೆಯಿಂದ ಆದದ್ದು. 2010ರಲ್ಲಿ ಮೆಸೇಜಿಗೆ ಟೆಕ್ಸ್ಟ್‌ಸೆಕ್ಯೂರ್, ಕರೆಗೆ ರೆಡ್‌ಫೋನ್ ಎಂದು ಎರಡಾಗಿ ಶುರುವಾದದ್ದು 2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಒಂದಾಗಿ ಸಿಗ್ನಲ್ ಆಯಿತು. ಆಂಡ್ರಾಯ್ಡ್ ಫೋನುಗಳಲ್ಲಿ ಎಸ್‌ಎಂಎಸ್ ಕೂಡ ಅದರಿಂದಲೇ ಕಳಿಸಬಹುದಿತ್ತು. 2022ರ ಅಕ್ಟೋಬರಿನಲ್ಲಿ ಅವರು ಎಸ್‌ಎಂಎಸ್ ಕೈಬಿಡುತ್ತೇವೆ ಎಂದರು. ಎಸ್‌ಎಂಎಸ್‌ಗೆ ಗುಪ್ತತೆ ಇಲ್ಲ, ಸಿಗ್ನಲ್ ಒಳಗಿದೆ ಎಂದ ಮಾತ್ರಕ್ಕೆ ಜನ ಅದನ್ನೂ ಸುರಕ್ಷಿತ ಅಂದುಕೊಳ್ಳುತ್ತಾರೆ, ಉಚಿತ ಎಂದುಕೊಂಡು ಕಳಿಸಿ ಆಮೇಲೆ ಬಿಲ್ಲು ನೋಡಿ ಕಂಗಾಲಾಗುತ್ತಾರೆ ಅನ್ನುವುದು ಅವರ ಕಾರಣ. ಮೂರೂ ನಿಜ. ಎಸ್‌ಎಂಎಸ್ ಅನ್ನು ದಾರಿಯಲ್ಲಿರುವ ಕಂಪನಿ ಓದಬಹುದು. ಬೋರ್ಡಿನಲ್ಲಿ ಕೂತವಳಾಗಿ ಹೇಳುತ್ತೇನೆ, ಮಧ್ಯದಲ್ಲಿ ಇರುವವರಿಗೆ ಕೇಳಿಸುತ್ತದೆ. ಕೇಳಿಸಿಯೂ ಕೇಳದವರಂತೆ ಇರುವುದನ್ನು ನಮಗೆ ಕಲಿಸಿದ್ದರು. ಯಂತ್ರಕ್ಕೆ ಅದನ್ನು ಕಲಿಸಲು ಬರುವುದಿಲ್ಲ.

ಆದರೂ ಎಸ್‌ಎಂಎಸ್ ತೆಗೆಯುವುದೊಂದೇ ಪರಿಹಾರ ಎಂದು ನಾನು ಒಪ್ಪುವುದಿಲ್ಲ, ಮಲೆನಾಡಿನ ಮಳೆಗಾಲ ನೋಡಿದವಳು ಒಪ್ಪಲಾರಳು. ಆಷಾಢದಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೆ ಟವರಿನ ಬ್ಯಾಟರಿ ಸಾಯುತ್ತದೆ. ಎಲ್ಲೋ ಗುಡ್ಡ ಕುಸಿದರೆ ಕೇಬಲ್ ತುಂಡಾಗುತ್ತದೆ. ಕರೆಂಟು ಬಂದು ಟವರ್ ಎದ್ದರೂ ಮೊದಲು ಕಾಣುವುದು ಒಂದು ಕಡ್ಡಿ ಸಿಗ್ನಲ್ಲು, ಅದರಲ್ಲಿ ಡೇಟಾ ಓಡುವುದಿಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಕೊಡೆ ಹಿಡಿದು ಗುಡ್ಡ ಹತ್ತಿದ್ದು ನಮ್ಮ ಕಡೆ, ಸುಳ್ಯದ ಕಡೆ ಎಲ್ಲರೂ ಕಂಡದ್ದೇ. ಆ ಒಂದು ಕಡ್ಡಿಯಲ್ಲಿ ಹೋಗುವುದು ಎಸ್‌ಎಂಎಸ್. ಏಕೆಂದರೆ ಅದು ಮಾತಿಗೋ ಡೇಟಾಕ್ಕೋ ಇಟ್ಟ ಅಗಲದ ದಾರಿ ಕೇಳುವುದಿಲ್ಲ. ಫೋನೂ ಟವರೂ ‘ನಾನಿದ್ದೇನೆ, ನೀನಿದ್ದೀಯಾ’ ಎಂದು ಒಂದಕ್ಕೊಂದು ಹೇಳಿಕೊಳ್ಳುವ ಸಂಕೇತದ ದಾರಿಯಲ್ಲೇ ಸಣ್ಣದಾಗಿ ನುಸುಳುತ್ತದೆ. ಆ ಕಡೆ ಫೋನ್ ಸ್ವಿಚ್ ಆಫ್ ಇದ್ದರೆ ಮಧ್ಯದ ಕೇಂದ್ರದಲ್ಲಿ ಕಾದಿದ್ದು, ಫೋನು ಎದ್ದಾಗ ತಾನೇ ಹೋಗಿ ಮುಟ್ಟುತ್ತದೆ.

ಹಾಗಾಗಿ ಕೂಡಿಸುವ ಕೆಲಸದಲ್ಲಿ ಎಸ್‌ಎಂಎಸ್ ಕಡೆಯ ದಾರಿಯಾಗಿ ಇರಲೇಬೇಕು. ಡೇಟಾ ಇಲ್ಲದಿದ್ದರೆ ನಿಮ್ಮ ಆ್ಯಪ್ ಗಡಿಯಾರದ ಚಿಹ್ನೆ ತೋರಿಸಿ ಗಂಟೆಗಟ್ಟಲೆ ಕಾಯುತ್ತದೆ. ಕಳಿಸಿದವರು ಹೋಗಿದೆ ಎಂದುಕೊಳ್ಳುತ್ತಾರೆ. ಅದರ ಬದಲು ಎರಡು ನಿಮಿಷದ ನಂತರ ಕೇಳಲಿ: ‘ಡೇಟಾ ಸಿಗುತ್ತಿಲ್ಲ. ಎಸ್‌ಎಂಎಸ್ ಆಗಿ ಕಳಿಸಲೇ? ಗುಪ್ತತೆ ಇರುವುದಿಲ್ಲ, ನಿಮ್ಮ ಪ್ಯಾಕ್‌ನಲ್ಲಿ ಒಂದು ಎಸ್‌ಎಂಎಸ್ ಖರ್ಚಾಗುತ್ತದೆ.’ ಕನ್ನಡದಲ್ಲಿ ಕೇಳಲಿ, ದೊಡ್ಡ ಅಕ್ಷರದಲ್ಲಿ ಕೇಳಲಿ. ಎಸ್‌ಎಂಎಸ್‌ಗೆ ಹಸಿರು, ಚಾಟಿಗೆ ನೀಲಿ ಅನ್ನುವ ಬಣ್ಣದ ವ್ಯತ್ಯಾಸ ಸಾಲದು, ವಯಸ್ಸಾದ ಕಣ್ಣಿಗೆ ಎರಡೂ ಒಂದೇ. ಟ್ರಂಕ್ ಕಾಲ್ ಬುಕ್ ಮಾಡುವಾಗ ನಾವು ‘ಆರ್ಡಿನರಿಯಾ, ಅರ್ಜೆಂಟಾ’ ಎಂದು ಕೇಳಿಯೇ ಚೀಟಿ ಬರೆಯುತ್ತಿದ್ದೆವು. ಗಿರಾಕಿಯ ಬಾಯಿಂದ ಉತ್ತರ ಬಾರದೆ ದುಡ್ಡಿನ ದಾರಿ ಹಿಡಿಸುವಂತಿರಲಿಲ್ಲ. ಸಿಗ್ನಲ್‌ನವರು ಎತ್ತಿದ ತಕರಾರಿಗೆ ಇದು ಪೂರ್ತಿ ಉತ್ತರವಲ್ಲ, ಬಹುಪಾಲು ಉತ್ತರ.

ಎಸ್‌ಎಂಎಸ್ ಕನ್ನಡಕ್ಕೆ ಮಾಡುವ ಅನ್ಯಾಯವನ್ನೂ ಇಲ್ಲೇ ಹೇಳಿಬಿಡಬೇಕು, ಅದನ್ನು ಸರಿಪಡಿಸುವ ಕೈ ನಿಮ್ಮದೇ. ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಅನ್ನುವುದು ಎಲ್ಲರಿಗೂ ಗೊತ್ತು. ಎಂಬತ್ತರ ದಶಕದಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಅವರು ಟೈಪ್‌ರೈಟರ್ ಮುಂದೆ ಕೂತು, ಒಂದು ಸಾಧಾರಣ ವಾಕ್ಯಕ್ಕೆ ಎಷ್ಟು ಅಕ್ಷರ ಬೇಕು ಎಂದು ಎಣಿಸಿ ಇಷ್ಟು ಸಾಕು ಎಂದರಂತೆ. ಅದು ರೋಮನ್ ಲಿಪಿಯ ಲೆಕ್ಕ. ಕನ್ನಡದಲ್ಲಿ ಬರೆದ ತಕ್ಷಣ ಒಂದು ಎಸ್‌ಎಂಎಸ್ 70ಕ್ಕೆ ಇಳಿಯುತ್ತದೆ. ಆ 70 ಕೂಡ ನಾವು ಎಣಿಸುವ ಅಕ್ಷರವಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ಆರು: ಸ, ಹಲಂತ, ತ, ಹಲಂತ, ರ, ದೀರ್ಘ. ‘ತೀರ್ಥಹಳ್ಳಿ ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿ ಬೇಡ, ಅಮ್ಮ ಚೆನ್ನಾಗಿ ಮಾತಾಡುತ್ತಿದ್ದಾರೆ’ ಎಂದರೆ ಒಂದು ಎಸ್‌ಎಂಎಸ್ ಮುಗಿದು ಎರಡನೆಯದಕ್ಕೆ ಹೋಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಒಂದರ ಖರ್ಚು, ಕನ್ನಡದಲ್ಲಿ ಬರೆದವರಿಗೆ ಎರಡರದು. ಕಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಬೆಳೆದದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ. ಇದಕ್ಕೆ ಮಾನದಂಡದಲ್ಲಿಯೇ ಉಪಾಯವಿದೆ. ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಿಗೆ ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯವರ ಅಕ್ಷರ ಕೋಷ್ಟಕಗಳಿವೆ. ಅದನ್ನು ಬಳಸಿದರೆ ಒಂದು ಎಸ್‌ಎಂಎಸ್‌ನಲ್ಲಿ ನೂರೈವತ್ತರ ಹತ್ತಿರ ಹಿಡಿಸುತ್ತದೆ. ಕೋಷ್ಟಕ ಇದೆ, ಬಳಕೆಯಲ್ಲಿ ಕಾಣುವುದು ಅಪರೂಪ. ನಿಮ್ಮಲ್ಲಿ ಕನ್ನಡ ಬಲ್ಲ ಒಬ್ಬರು ಹಟ ಹಿಡಿದು ಕೂತು ಇದನ್ನು ಮಾಡಿಸಿದರೆ ಅದಕ್ಕಿಂತ ದೊಡ್ಡ ರಾಜ್ಯೋತ್ಸವ ನನಗೆ ಬೇಡ.

ಎಸ್‌ಎಂಎಸ್ ಹಳೆಯ ಸಾಮಾನು ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಆದರೆ ಹೊಸ ಫೋನಿನಲ್ಲಿ ನಿಮ್ಮ ಆ್ಯಪ್ ಹಾಕಿದರೆ ಅದು ಮೊದಲು ಕೇಳುವುದೇ ಫೋನ್ ನಂಬರು, ಆಮೇಲೆ ಎಸ್‌ಎಂಎಸ್‌ನಲ್ಲಿ ಬಂದ ಒಟಿಪಿ. ನಿಮ್ಮ ಮನೆಯ ಬೀಗದ ಕೈ ಇರುವುದು ಆ ಹಳೆಯ ಸಾಮಾನಿನಲ್ಲಿ. ನಂಬರಿಗೂ ಮನುಷ್ಯರಿಗೂ ಹೀಗೆ ಗಂಟು ಹಾಕಿದ್ದರಿಂದ ಇನ್ನೊಂದು ತೊಂದರೆಯೂ ಇದೆ. ರೀಚಾರ್ಜ್ ಮಾಡದೆ ರದ್ದಾದ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ನಮ್ಮ ನೆಂಟರ ಮನೆಯಲ್ಲಿ ಅಜ್ಜ ತೀರಿಕೊಂಡ ಮೇಲೆ ಅವರ ನಂಬರು ಯಾರೋ ಅಪರಿಚಿತರಿಗೆ ಹೋಯಿತು. ಒಂದು ದಿನ ಅಜ್ಜನ ಹೆಸರಿನ ಚಾಟ್‌ನಲ್ಲಿ ಯಾರದೋ ಹೊಸ ಚಿತ್ರ ಕಾಣಿಸಿಕೊಂಡಿತು. ಅಜ್ಜಿ ಆ ಚಾಟನ್ನು ತೆರೆದು ಹಳೆಯ ದನಿ ಮೆಸೇಜುಗಳನ್ನು ಕೇಳುತ್ತಿದ್ದವರು, ಆಮೇಲೆ ಫೋನು ಮುಟ್ಟಲಿಲ್ಲ. ಒಂದೇ ಆ್ಯಪ್‌ನಲ್ಲಿ ಎಲ್ಲ ಕೂಡಿಸುವಾಗ ನಂಬರು ಬೇರೆಯವರ ಪಾಲಾದದ್ದನ್ನು ಗುರುತಿಸಿ, ಹಳೆಯ ಮಾತುಕತೆಯನ್ನು ಅಲ್ಲಿಗೇ ಮುಗಿಸಿ ಎತ್ತಿಡುವ ವ್ಯವಸ್ಥೆ ಅಷ್ಟು ಕಷ್ಟವೇ?

ಎಲ್ಲವೂ ಒಬ್ಬರ ಕೈಯಲ್ಲಿ ಕೂಡಿದಾಗ ಆಗುವುದನ್ನು ಜಗತ್ತು 2021ರ ಅಕ್ಟೋಬರ್ 4ರ ರಾತ್ರಿ ಕಂಡಿತು. ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಒಟ್ಟಿಗೆ ಸುಮಾರು ಆರು ಗಂಟೆ ನಿಂತವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ಜಾಲ ಇಂಟರ್‌ನೆಟ್ಟಿನ ಭೂಪಟದಿಂದಲೇ ಅಳಿಸಿಹೋಗಿತ್ತು. ಚಾಟ್, ಕರೆ, ವಿಡಿಯೊ, ಅಂಗಡಿಯವರ ಆರ್ಡರು ಎಲ್ಲ ಅದರಲ್ಲೇ ಇದ್ದವರಿಗೆ ಆ ಹೊತ್ತು ಏನೂ ಉಳಿಯಲಿಲ್ಲ. ಮಾಮೂಲಿ ಫೋನ್ ಕರೆ, ಎಸ್‌ಎಂಎಸ್ ನಡೆಯುತ್ತಿದ್ದವು. ಕೂಡಿಸಿದ್ದರ ಬಲ ಬಳಕೆದಾರರ ಮೇಲೂ ತಿರುಗಬಹುದು. 2021ರಲ್ಲಿ ವಾಟ್ಸ್‌ಆ್ಯಪ್ ತನ್ನ ಗೋಪ್ಯತಾ ನೀತಿ ಬದಲಿಸಿ ‘ಒಪ್ಪಿ, ಇಲ್ಲವೇ ಬಿಡಿ’ ಎಂಬ ಧಾಟಿಯಲ್ಲಿ ಜನರ ಮುಂದಿಟ್ಟದ್ದಕ್ಕೆ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದರ ಒಡೆಯ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಬಿಟ್ಟು ಹೋಗಲು ಜನರಿಗೆ ಇನ್ನೊಂದು ದಾರಿ ಇದ್ದಿದ್ದರೆ ಆ ಧಾಟಿಯೇ ಹುಟ್ಟುತ್ತಿರಲಿಲ್ಲ.

ಬಾಗಿಲು ತೆರೆದರೆ ಮೋಸಗಾರರೂ ಬರುತ್ತಾರೆ ಅನ್ನುವಿರಿ. ಬರುತ್ತಾರೆ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ನಿವೃತ್ತರ ಜೀವಮಾನದ ಉಳಿತಾಯ ದೋಚಿದವರ ಸುದ್ದಿ ಓದದ ವಾರವಿಲ್ಲ, ಮತ್ತು ಅಂಥ ಎಷ್ಟೋ ವಿಡಿಯೊ ಕರೆಗಳು ಬಂದದ್ದು ಬೇಲಿ ಹಾಕಿದ ಆ್ಯಪ್‌ಗಳೊಳಗೇ. ಎಸ್‌ಎಂಎಸ್‌ನ ಉತ್ತರಾಧಿಕಾರಿ ಅನ್ನಿಸಿಕೊಂಡ ಆರ್‌ಸಿಎಸ್‌ನಲ್ಲೂ ಜಾಹೀರಾತು ಅತಿಯಾಗಿ, 2022ರಲ್ಲಿ ಗೂಗಲ್ ನಮ್ಮ ದೇಶದಲ್ಲಿ ಆ ಜಾಹೀರಾತುಗಳನ್ನು ನಿಲ್ಲಿಸಬೇಕಾಯಿತು. ಕಾವಲು ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ತೋಟಗಳ ಬೇಲಿಗೆ ದಣಪೆ ಇರುತ್ತದೆ. ಗಳ ಸರಿಸಿ ಮನುಷ್ಯರು ದಾಟಿಕೊಳ್ಳುತ್ತಾರೆ, ದನ ದಾಟುವುದಿಲ್ಲ. ನೀವು ಕಟ್ಟಬೇಕಾದದ್ದು ಅದನ್ನು. ಹೊರಗಿನ ಅಪರಿಚಿತರ ಮೊದಲ ಮೆಸೇಜು ಬೇರೆ ಪೆಟ್ಟಿಗೆಗೆ ಬೀಳಲಿ, ನಾನು ಒಪ್ಪಿದ ಮೇಲೆ ಮಾತ್ರ ಕರೆ ಬರಲಿ.

ಹೊರಗಿನ ಆ್ಯಪ್‌ಗಳ ಜೊತೆ ಜೋಡಿಸುವುದು ಆಗದ ಮಾತು ಎಂದು ಹೇಳುವ ಕಾಲವೂ ಕಳೆದಿದೆ. ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳ ನಡುವೆಯೂ ಗುಪ್ತತೆ ಉಳಿಸುವ ಎಂಎಲ್‌ಎಸ್ ಅನ್ನುವ ಮಾನದಂಡವನ್ನು ಐಇಟಿಎಫ್ 2023ರ ಜುಲೈನಲ್ಲಿ ಪ್ರಕಟಿಸಿದೆ. ಆ್ಯಪಲ್ 2024ರ ಸೆಪ್ಟೆಂಬರಿನಲ್ಲಿ ಐಒಎಸ್ 18ರ ಜೊತೆ ಐಫೋನಿಗೆ ಆರ್‌ಸಿಎಸ್ ತಂದಿತು. 2025ರ ಮಾರ್ಚಿನಲ್ಲಿ ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ ಆರ್‌ಸಿಎಸ್‌ಗೂ ಎಂಎಲ್‌ಎಸ್ ಆಧಾರದ ಗುಪ್ತತೆಯನ್ನು ಸೇರಿಸಿತು. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ದೊಡ್ಡ ಮೆಸೇಜಿಂಗ್ ಸೇವೆಗಳಿಗೆ, ಬೇರೆ ಸೇವೆಯವರು ಕೇಳಿದರೆ ಜೋಡಿಸಲೇಬೇಕು ಎಂದು ಕಟ್ಟು ಹಾಕಿದೆ: ಮೊದಲು ಇಬ್ಬರ ನಡುವಿನ ಮೆಸೇಜು, ಎರಡು ವರ್ಷದೊಳಗೆ ಗುಂಪು ಚಾಟು, ನಾಲ್ಕು ವರ್ಷದೊಳಗೆ ದನಿ ಮತ್ತು ವಿಡಿಯೊ ಕರೆ. ಅಲ್ಲಿಯವರಿಗಾಗಿ ವಾಟ್ಸ್‌ಆ್ಯಪ್ ಈ ಕೆಲಸ ಶುರುಮಾಡಿದೆ. ಜರ್ಮನಿಯಲ್ಲಿರುವ ನನ್ನ ಮಗಳಿಗೆ ಸಿಗುವ ಈ ಹಕ್ಕು ಇಲ್ಲಿರುವ ನನಗಿಲ್ಲ, ನಮ್ಮಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ. ಆದರೆ ಎರಡೂ ಕಡೆಗೆ ಕೋಡ್ ಬರೆಯುವವರು ನೀವೇ. ಯುರೋಪಿಗೆ ಬರೆದದ್ದನ್ನು ಇಲ್ಲಿ ತೆರೆಯಲು ಕಾನೂನು ಬರುವತನಕ ಕಾಯಬೇಕಾಗಿಲ್ಲ.

ನಿಮಗೆ ಮೇಲಧಿಕಾರಿಗಳಿದ್ದಾರೆ, ಅವರ ಮೇಲೆ ಷೇರುದಾರರಿದ್ದಾರೆ, ಯಾವುದು ತೆರೆಯಬೇಕು ಯಾವುದು ಮುಚ್ಚಬೇಕು ಅನ್ನುವುದು ನಿಮ್ಮ ಒಬ್ಬರ ಕೈಯಲ್ಲಿಲ್ಲ ಎಂದು ನನಗೆ ಗೊತ್ತು. ನಾನೂ ಇಲಾಖೆಯಲ್ಲಿ ದುಡಿದವಳು. ಆದರೆ ವಿನ್ಯಾಸದ ಮೀಟಿಂಗಿನಲ್ಲಿ ಕೂತಿರುವವರು ನೀವು. ಸಂಪರ್ಕಗಳ ಪಟ್ಟಿಯ ಪರದೆ ಮುಂದೆ ಬಂದಾಗ ಎದ್ದು ಹೇಳಿ: ಈ ‘ಆಹ್ವಾನಿಸಿ’ ಗುಂಡಿ ತೆಗೆಯೋಣ. ಆ ಜಾಗದಲ್ಲಿ ಎರಡು ಗುಂಡಿ ಇಡೋಣ, ಒಂದು ಕರೆಗೆ, ಒಂದು ಎಸ್‌ಎಂಎಸ್‌ಗೆ. ಕರೆ ಗುಂಡಿ ಒತ್ತಿದರೆ ಫೋನಿನ ಮಾಮೂಲಿ ಡಯಲರ್ ತೆರೆಯಲಿ, ಎಸ್‌ಎಂಎಸ್ ಗುಂಡಿಯಲ್ಲಿ ಎಷ್ಟು ಅಕ್ಷರ ಉಳಿದಿದೆ ಎಂದು ಕನ್ನಡದ ಲೆಕ್ಕದಲ್ಲಿ ತೋರಿಸಲಿ. ತುರ್ತು ಸಹಾಯದ 112ಕ್ಕೂ ಅಲ್ಲಿಂದಲೇ ಒಂದು ಗುಂಡಿಯಲ್ಲಿ ಹೋಗುವಂತಾಗಲಿ. ಆ್ಯಪ್ ನಿಲ್ಲಿಸುವ ದಿನ ಬಂದರೆ ಕನಿಷ್ಠ ಒಂದು ವರ್ಷ ಮೊದಲು ತಿಳಿಸಿ, ಮಾತುಗಳೂ ದನಿಗಳೂ ಚಿತ್ರಗಳೂ ಬೇರೆ ಯಾವ ಆ್ಯಪ್‌ನಲ್ಲಾದರೂ ತೆರೆಯುವ ರೂಪದಲ್ಲಿ ಕೈಗೆ ಬರುವ ಹಾಗೆ ಮಾಡಿ. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಡ. ಮೊದಲನೆಯದನ್ನು ನಿಮ್ಮ ಮುಂದಿನ ಅಪ್‌ಡೇಟ್‌ನಲ್ಲೇ ಮಾಡಬಹುದು.

ಇತಿ,
ಮಲೆನಾಡಿನ ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್